ಹತ್ತಿಯನ್ನು ಬೀಸುವುದಿಲ್ಲ, ಆದರೂ ಅದೇಕೆ ‘ಮಿಲ್’?

ಪ್ರಶ್ನೆ (ದಾವಣಗೆರೆಯಿಂದ):
ನಮ್ಮೂರಿಗೆ ಕರ್ನಾಟಕದ ಮ್ಯಾಂಚೆಸ್ಟರ್ ಎಂಬ ಹೆಸರು ತಂದುಕೊಟ್ಟದ್ದು ಹತ್ತಿ ಮಿಲ್ಲುಗಳು. ನನ್ನ ತಂದೆ ನೂಲಿನ ಮಿಲ್ಲಿನಲ್ಲಿ ದುಡಿದವರು; ಪಾಳಿ ಮುಗಿಸಿ ಮನೆಗೆ ಬಂದಾಗ ಅವರ ಹುಬ್ಬಿನ ಮೇಲೂ ಹತ್ತಿಯ ಎಳೆ ಕೂತಿರುತ್ತಿತ್ತು. ನಮ್ಮ ಓಣಿಯಲ್ಲಿ ಜೋಳ, ಮೆಣಸಿನಕಾಯಿ ಬೀಸಿಕೊಡುವ ಗಿರಣಿಯನ್ನೂ ಮಿಲ್ಲೆಂದೇ ಕರೆಯುತ್ತೇವೆ. ಅಲ್ಲಿ ಕಾಳು ಹಿಟ್ಟಾಗುತ್ತದೆ, ಇಲ್ಲಿ ಅರಳೆ ನೂಲಾಗುತ್ತದೆ. ಇಷ್ಟು ಬೇರೆಯಾದ ಎರಡು ಕೆಲಸಗಳಿಗೆ ಇಂಗ್ಲಿಷಿನಲ್ಲಿ ಒಂದೇ ಪದ ಹೇಗೆ ಬಂದಿತು?

ಉತ್ತರ 1:
ಆ ಪದದ ಬುಡದಲ್ಲಿರುವುದು ಬೀಸುವ ಕಲ್ಲು. ಲ್ಯಾಟಿನ್ನಿನಲ್ಲಿ ‘ಮೋಲಾ’ ಎಂದರೆ ಬೀಸುವ ಕಲ್ಲು, ‘ಮೋಲೆರೆ’ ಎಂದರೆ ಬೀಸುವುದು. ಅದರಿಂದ ಹುಟ್ಟಿದ ‘ಮೋಲಿನಾ’ ಹಳೆಯ ಇಂಗ್ಲಿಷಿಗೆ ‘ಮಿಲೆನ್’ (mylen) ಎಂಬಂತಹ ರೂಪದಲ್ಲಿ ಬಂದು, ಕಾಲಕ್ರಮದಲ್ಲಿ ಕೊನೆಯ ನಕಾರವನ್ನು ಕಳೆದುಕೊಂಡು ‘ಮಿಲ್’ ಆಯಿತು. ಮಿಲ್ನರ್ ಎಂಬ ಮನೆತನದ ಹೆಸರಿನಲ್ಲಿ ಆ ನಕಾರ ಇನ್ನೂ ಉಳಿದಿದೆ. ದವಡೆ ಹಲ್ಲನ್ನು ದಂತವೈದ್ಯರು ಮೋಲಾರ್ ಎನ್ನುವುದೂ ಅದು ಅನ್ನವನ್ನು ಅರೆಯುವ ಕಲ್ಲೆಂಬ ಅರ್ಥದಲ್ಲಿಯೇ.

ಹತ್ತಿಗೆ ಈ ಹೆಸರು ಅಂಟಿದ್ದು ನೀರಿನಿಂದ. ಹಿಟ್ಟಿನ ಕಲ್ಲನ್ನು ಹೊಳೆಯ ನೀರಿನ ಚಕ್ರ ತಿರುಗಿಸುತ್ತಿದ್ದುದರಿಂದ, ಅಂತಹ ಚಕ್ರದ ಬಲದಿಂದ ನಡೆಯುವ ಕಟ್ಟಡವೆಲ್ಲ ಮಿಲ್ ಎನಿಸಿಕೊಂಡಿತು. ರಿಚರ್ಡ್ ಆರ್ಕ್‌ರೈಟ್ 1771ರಲ್ಲಿ ಇಂಗ್ಲೆಂಡಿನ ಕ್ರೋಮ್‌ಫರ್ಡ್‌ನಲ್ಲಿ ಕಟ್ಟಲು ತೊಡಗಿದ ನೂಲುವ ಕಾರ್ಖಾನೆಯೂ ನೀರಿನಿಂದಲೇ ನಡೆಯಿತು. ಮುಂದೆ ಉಗಿಯಂತ್ರ ಬಂದು ಹೊಳೆಯ ಹಂಗು ತಪ್ಪಿದರೂ ಹೆಸರು ತಪ್ಪಲಿಲ್ಲ.

ಉತ್ತರ 2 (ಚಿತ್ರದುರ್ಗದಿಂದ):
ನಮ್ಮ ಕೋಟೆಯಲ್ಲಿ, ಸಿಡಿಮದ್ದು ಅರೆಯಲು ಬಳಸುತ್ತಿದ್ದರೆಂದು ಹೇಳುವ ನಾಲ್ಕು ಭಾರಿ ಬೀಸುವ ಕಲ್ಲುಗಳಿವೆ. ಪದದ ಮೊದಲ ಅರ್ಥವನ್ನು ಕಣ್ಣಾರೆ ಕಾಣಬೇಕೆನ್ನುವವರು ಅವುಗಳ ಮುಂದೆ ನಿಲ್ಲಬೇಕು.

ವ್ಯಾಕರಣದ ಒಂದು ಮಾತನ್ನು ಸೇರಿಸುತ್ತೇನೆ, ಏಕೆಂದರೆ ನನಗೆ ಅದೇ ಹೆಚ್ಚು ಪ್ರಿಯವಾದದ್ದು. ಹ್ರಸ್ವ ಸ್ವರದ ಮುಂದಿನ ವ್ಯಂಜನವನ್ನು ಇಮ್ಮಡಿಸಿ, ಕೊನೆಗೆ ಉಕಾರ ಸೇರಿಸಿ ನಾವು ಅದನ್ನು ‘ಮಿಲ್ಲು’ ಮಾಡಿಕೊಂಡೆವು. ಹಾಗಾಗಿ ಅದು ‘ಕಲ್ಲು’ ಪದದ ಜಾಡಿನಲ್ಲಿಯೇ ನಡೆಯುತ್ತದೆ: ಕಲ್ಲಿಗೆ, ಮಿಲ್ಲಿಗೆ, ಕಲ್ಲಿನ, ಮಿಲ್ಲಿನ. ಇಂಗ್ಲಿಷಿನಲ್ಲಿ ಇದೇ ಪದ ಕ್ರಿಯಾಪದವೂ ಹೌದು. ನಮ್ಮಲ್ಲಿ ಮಾತ್ರ ನಾಮಪದವು ವಿಭಕ್ತಿಯನ್ನು ನೇರವಾಗಿ ಹಚ್ಚಿಕೊಂಡರೂ ಕ್ರಿಯೆಗೆ ‘ಮಾಡು’ವಿನ ಆಸರೆ ಬೇಕು. ಭದ್ರಾ ನಾಲೆಯ ಕೆಳಗಿನ ರೈತರು ‘ಭತ್ತ ಮಿಲ್ ಮಾಡಿಸಿದೆವು’ ಎನ್ನುತ್ತಾರೆ, ‘ಮಿಲ್ಲಿಸಿದೆವು’ ಎಂದು ಯಾರೂ ಅನ್ನುವುದಿಲ್ಲ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಕೃತಜ್ಞತೆಗಳು. ನನ್ನ ಅಜ್ಜಿಯ ಬೀಸುಕಲ್ಲು ಈಗಲೂ ನಮ್ಮ ಹಿತ್ತಲಿನಲ್ಲಿದೆ. ಅದರ ಗೂಟ ಮಾತ್ರ ಕಳಚಿಹೋಗಿದೆ.