ಮೇಂಟೆನೆನ್ಸ್ ಬಾಕಿ ಅಂತ ನೀರಿನ ವಾಲ್ವ್‌ಗೆ ಬೀಗ: ಅಸೋಸಿಯೇಷನ್ ವಿರುದ್ಧ ಎಲ್ಲಿಗೆ ಹೋಗಬೇಕು?

ಮೂರನೇಮಹಡಿ:

ಬೆಂಗಳೂರಿನ ಹೊರವಲಯದ ಅಪಾರ್ಟ್‌ಮೆಂಟ್, 180 ಮನೆ, ಪೂರ್ತಿ ವಸತಿ, ಅಂಗಡಿ ಒಂದೂ ಇಲ್ಲ. 1650 ಚದರಡಿ ಮನೆಗೆ ಚದರಡಿಗೆ 4.25 ರೂ.ನಂತೆ ತಿಂಗಳಿಗೆ 7,012 ರೂ. ಮೇಂಟೆನೆನ್ಸ್.

ಕಳೆದ ಎಜಿಎಂನಲ್ಲಿ (ವಾರ್ಷಿಕ ಮಹಾಸಭೆ) ಲಿಫ್ಟ್ ಬದಲಾವಣೆ, ವಾಟರ್‌ಪ್ರೂಫಿಂಗ್, ಹೊರಗೋಡೆ ಪೇಂಟಿಂಗ್ ಎಲ್ಲ ಸೇರಿ 1.65 ಕೋಟಿ ಖರ್ಚಿಗೆ ಒಪ್ಪಿಗೆ ಪಡೆದರು. ಚದರಡಿಗೆ 60 ರೂ., ನಮ್ಮ ಮನೆಗೆ 99,000. ನೋಟಿಸಿನ ವಿಷಯಸೂಚಿಯಲ್ಲಿ ಇದರ ಸುದ್ದಿಯೇ ಇರಲಿಲ್ಲ, ‘ಇತರೆ ವಿಷಯಗಳು’ ಅಂತ ಕೊನೆಗೆ ತಂದು ಕೈ ಎತ್ತಿಸಿದರು. ಇದನ್ನು ವಿರೋಧಿಸಿ 4 ತಿಂಗಳಿಂದ ಮೇಂಟೆನೆನ್ಸನ್ನೂ ಕಟ್ಟಿಲ್ಲ. ಈಗ ಡಕ್ಟ್‌ನಲ್ಲಿರುವ ನಮ್ಮ ನೀರಿನ ವಾಲ್ವ್ ಮುಚ್ಚಿ ಸರಪಳಿ ಸುತ್ತಿ ಬೀಗ ಹಾಕಿದ್ದಾರೆ. ನೋಟಿಸ್ ಬೋರ್ಡಿನಲ್ಲಿ ಹೆಸರು, ತಿಂಗಳಿಗೆ 2% ಬಡ್ಡಿ, ಮನೆ ಮಾರುವುದಾದರೆ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಇಲ್ಲ ಅಂತ ಇಮೇಲ್. ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ), ಗ್ರಾಹಕ ಆಯೋಗ, ಸಿವಿಲ್ ಕೋರ್ಟ್, ಇದರಲ್ಲಿ ಯಾವುದು?

ದಾವೆಖಾನೆ:

ಯಾವ ಕೋರ್ಟು ಅನ್ನೋದಕ್ಕೆ ಮುಂಚೆ ಇವತ್ತೇ ಆಗಬೇಕಾದ ಕೆಲಸ ಒಂದಿದೆ. ಬಾಕಿ ಇರುವ 4 ತಿಂಗಳ 28,050 ರೂ. ಕಟ್ಟಿಬಿಡಿ. ನಿಮ್ಮ ತಕರಾರು ಇರುವುದು 99,000ದ ಮೇಲೆ, ತಿಂಗಳ ಮೇಂಟೆನೆನ್ಸ್ ಮೇಲೆ ಅಲ್ಲ. ಎರಡನ್ನೂ ಒಟ್ಟಿಗೆ ನಿಲ್ಲಿಸಿ ಕೋರ್ಟಿಗೆ ಹೋದರೆ ಎದುರಿನ ವಕೀಲರು ಮೊದಲು ಹೇಳುವ ಮಾತು ‘ಸ್ವಾಮಿ, ಇವರು ಸುಸ್ತಿದಾರರು’ ಅಂತ. ಲಿಫ್ಟ್, ಸೆಕ್ಯೂರಿಟಿ ನಾನು ಬಳಸುತ್ತಿಲ್ಲ, ಹಾಗಾಗಿ ಕೊಡಲ್ಲ ಅನ್ನುವ ವಾದವೂ ನಡೆಯುವುದಿಲ್ಲ. ಸಾಮಾನ್ಯ ಸೌಲಭ್ಯದ ಬಳಕೆ ಬಿಟ್ಟುಕೊಟ್ಟೆ ಅಂತ ಹೇಳಿ ಯಾರೂ ಖರ್ಚಿನ ಪಾಲಿನಿಂದ ತಪ್ಪಿಸಿಕೊಳ್ಳುವಂತಿಲ್ಲ ಅಂತ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆ 1972ರಲ್ಲೇ ಬರೆದಿದೆ.

ಕಟ್ಟುವಾಗ ಒಂದು ಎಚ್ಚರ. ಎನ್‌ಇಎಫ್‌ಟಿ ರಿಮಾರ್ಕ್‌ನಲ್ಲಿ ಮತ್ತು ಅದೇ ದಿನ ಕಳಿಸುವ ಮೇಲ್‌ನಲ್ಲಿ ‘ಇಂಥ ನಾಲ್ಕು ತಿಂಗಳ ಮೇಂಟೆನೆನ್ಸ್ ಅಸಲಿಗೆ ಮಾತ್ರ’ ಅಂತ ತಿಂಗಳ ಹೆಸರು ಹಾಕಿ ಬರೆಯಿರಿ. ಕರಾರು ಕಾಯ್ದೆ 59ನೇ ಕಲಂ ಪ್ರಕಾರ ಸಾಲಗಾರ ಯಾವ ಬಾಕಿಗೆ ಅಂತ ಹೇಳಿ ಕೊಟ್ಟ ಹಣವನ್ನು ತೆಗೆದುಕೊಂಡ ಮೇಲೆ ಅದಕ್ಕೇ ಜಮಾ ಮಾಡಬೇಕು. ಬರೆಯದೆ ಕಳಿಸಿದರೆ ಆ ದುಡ್ಡನ್ನು 99,000ದ ವಿಶೇಷ ವಂತಿಗೆಗೋ ಬಡ್ಡಿಗೋ ಹಿಡಿದುಕೊಂಡು ಮೇಂಟೆನೆನ್ಸ್ ಬಾಕಿ ಹಾಗೇ ತೋರಿಸುತ್ತಾರೆ. ಅರ್ಧಕ್ಕರ್ಧ ಜಗಳ ಬೆಳೆಯುವುದು ಇಲ್ಲೇ.

ಇನ್ನು ವೇದಿಕೆ. ರೇರಾ ಇರುವುದು ಬಿಲ್ಡರ್ ಮೇಲೆ. ಅವರು ಸಾಮಾನ್ಯ ಜಾಗ, ದಾಖಲೆ ಹಸ್ತಾಂತರಿಸಿಲ್ಲ, ಸ್ವಾಧೀನ ಕೊಟ್ಟ 5 ವರ್ಷದೊಳಗೆ ಕಟ್ಟಡದ ರಚನೆಯಲ್ಲಿ ದೋಷ ಬಂದಿದೆ ಅಂದರೆ ಅಲ್ಲಿಗೆ. ನಿಮ್ಮ ಜಗಳಕ್ಕೆ ಅದು ಜಾಗವಲ್ಲ. ಗ್ರಾಹಕ ಆಯೋಗದಲ್ಲಿ ‘ಸದಸ್ಯ ಗ್ರಾಹಕನೇ ಅಲ್ಲ’ ಅನ್ನುವ ತಕರಾರಿನಲ್ಲೇ ತಿಂಗಳುಗಳು ಹೋಗುತ್ತವೆ, ನೀರಿಲ್ಲದ ಮನೆಗೆ ಅಷ್ಟು ಸಮಯ ಇಲ್ಲ. ಸಿವಿಲ್ ಕೋರ್ಟೇ ದಾರಿ, ಒಂದು ಅಪವಾದ ಬಿಟ್ಟು: ನಿಮ್ಮದು ಸಹಕಾರ ಸಂಘಗಳ ಕಾಯ್ದೆ 1959ರ ಅಡಿ ನೋಂದಣಿಯಾದ ಸೊಸೈಟಿಯಾಗಿದ್ದರೆ 70ನೇ ಕಲಂ ಪ್ರಕಾರ ವ್ಯಾಜ್ಯ ಸಹಕಾರ ಸಂಘಗಳ ನಿಬಂಧಕರ ಮುಂದೆ ಹೋಗಬೇಕು, ಸಿವಿಲ್ ಕೋರ್ಟಿನಲ್ಲಿ ದಾವೆ ನಿಲ್ಲದು.

ಹಾಗಾಗಿ ಮೊದಲು ನಿಮ್ಮ ಅಸೋಸಿಯೇಷನ್ ಯಾವ ಕಾಯ್ದೆಯ ಕೂಸು ಅಂತ ತಿಳಿದುಕೊಳ್ಳಿ. ರಸೀದಿ ಪುಸ್ತಕದ ತಲೆಬರಹದಲ್ಲಿ ನೋಂದಣಿ ಸಂಖ್ಯೆ ಇರುತ್ತೆ. ಬಿಲ್ಡರ್ ಡೀಡ್ ಆಫ್ ಡಿಕ್ಲರೇಷನ್ (ಕಟ್ಟಡವನ್ನು 1972ರ ಕಾಯ್ದೆಗೆ ಒಳಪಡಿಸುವ ಘೋಷಣಾ ಪತ್ರ) ಮಾಡಿಸಿದ್ದರೆ ಅದು ಉಪ ನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಣಿ ಆಗಿರುತ್ತೆ, ಅದರ ಸಂಖ್ಯೆ ಸಾಮಾನ್ಯವಾಗಿ ನಿಮ್ಮ ಕ್ರಯಪತ್ರದಲ್ಲೇ ಸಿಗುತ್ತೆ. ಕಾವೇರಿ 2.0ರಲ್ಲಿ ದೃಢೀಕೃತ ನಕಲಿಗೆ ಅರ್ಜಿ ಹಾಕಿ. ಬೈಲಾ (ಅಸೋಸಿಯೇಷನ್ ನಿಯಮಾವಳಿ) ಅದರ ಜೊತೆಗೇ ಇರುತ್ತೆ. ಕಮಿಟಿಯವರು ವಾಟ್ಸ್‌ಆ್ಯಪ್‌ನಲ್ಲಿ ಹಾಕಿದ ಬೈಲಾ ಪಿಡಿಎಫ್ ನಂಬಿಕೊಂಡು ದಾವೆ ಹಾಕಬೇಡಿ, ನೋಂದಣಿಯಾದದ್ದಕ್ಕೂ ಅದಕ್ಕೂ ಎಷ್ಟೋ ಕಡೆ ತಾಳೆಯೇ ಆಗುವುದಿಲ್ಲ.

ಗೇಟ್‌ವಾಲ್ವ್:

ಕೋರ್ಟು ಆಮೇಲೆ. ಮೊದಲು 112ಕ್ಕೆ ಕರೆ ಮಾಡಿ, ಠಾಣೆಗೆ ಲಿಖಿತ ದೂರು ಕೊಡಿ. ಮನೆಯಲ್ಲಿ ವಯಸ್ಸಾದವರು, ಮಕ್ಕಳು ಇದ್ದರೆ ದೂರಿನಲ್ಲಿ ಬರೆಯಿರಿ. ‘ಇದು ಸಿವಿಲ್ ಸ್ವರೂಪದ್ದು’ ಅಂತ ವಾಪಸ್ ಕಳಿಸಿದರೆ ಬಾಯಿಮಾತಿನಲ್ಲಿ ಬಿಡಬೇಡಿ, ಹಿಂಬರಹ (ಠಾಣೆಯ ಲಿಖಿತ ಉತ್ತರ) ಕೇಳಿ ಪಡೆಯಿರಿ. ಇಂಥ ದಿನ ನೀರು ನಿಂತಿತ್ತು ಅನ್ನುವುದಕ್ಕೆ ಆ ಹಿಂಬರಹವೇ ದಾಖಲೆ.

ಬೀಗ ನೀವೇ ಒಡೆಯಬೇಡಿ. ಡಕ್ಟ್ ಸಾಮಾನ್ಯ ಜಾಗ. ಅಸೋಸಿಯೇಷನ್ ಆಸ್ತಿ ಹಾಳು ಮಾಡಿದರು ಅಂತ ನಿಮ್ಮ ಮೇಲೇ ದೂರು ಹೋಗುತ್ತೆ.

ಖಜಾಂಚಿಲೆಕ್ಕ:

ಅಸೋಸಿಯೇಷನ್ ಲೆಕ್ಕ ನೋಡುವ ಕಡೆಯಿಂದ ಹೇಳುತ್ತೇನೆ, ಕಮಿಟಿಗಳೂ ಇದನ್ನು ಓದಲಿ ಅಂತ. ನೀರಿಗೆ ಕೈ ಹಾಕುವುದು ವಸೂಲಿ ಅಲ್ಲವೇ ಅಲ್ಲ. ವಸೂಲಿಗೆ ಕಾಯ್ದೆ ಇದಕ್ಕಿಂತ ಗಟ್ಟಿಯಾದ ಅಸ್ತ್ರ ಕೊಟ್ಟಿದೆ. 1972ರ ಕಾಯ್ದೆಯ 19ನೇ ಕಲಂ ಪ್ರಕಾರ ಕಟ್ಟದ ಪಾಲು ಆ ಮನೆಯ ಮೇಲೆ ಋಣಭಾರವಾಗಿ ಕೂರುತ್ತೆ. ಸರ್ಕಾರಿ ಮತ್ತು ಪಾಲಿಕೆ ತೆರಿಗೆ, ಮೊದಲ ಅಡಮಾನದ ಸಾಲ, ಈ ಎರಡನ್ನು ಬಿಟ್ಟರೆ ಉಳಿದೆಲ್ಲ ಋಣಕ್ಕಿಂತ ಮುಂದೆ. ಕರೆಂಟ್ ವಿಷಯ ಇನ್ನೂ ಸ್ಪಷ್ಟ: ಬೆಸ್ಕಾಂ ಮೀಟರ್ ಮಾಲೀಕರ ಹೆಸರಿನಲ್ಲಿದ್ದರೆ ಕಡಿತಗೊಳಿಸುವ ಅಧಿಕಾರ ಬೆಸ್ಕಾಂಗೆ ಮಾತ್ರ, ಅದೂ ಕನಿಷ್ಠ 15 ದಿನದ ನೋಟಿಸ್ ಕೊಟ್ಟು. ಕ್ಲಬ್‌ಹೌಸ್, ಈಜುಕೊಳ, ಪಾರ್ಟಿ ಹಾಲ್ ತಡೆಯಲು ಬೈಲಾದಲ್ಲಿ ಅವಕಾಶವಿದ್ದರೆ ಮಾಡಬಹುದು. ನೀರು, ಲಿಫ್ಟ್, ಕಸ, ಗೇಟಿನ ಒಳಗೆ ಬರುವ ದಾರಿ, ಇವು ಆ ಸಾಲಿಗೆ ಸೇರುವುದಿಲ್ಲ.

ಬಡ್ಡಿ ಲೆಕ್ಕ ನೀವೇ ಹಾಕಿ ನೋಡಿ. 7,012.50ಕ್ಕೆ 2% ಅಂದರೆ ತಿಂಗಳಿಗೆ 140.25. ಮೊದಲ ಕಂತು 4 ತಿಂಗಳು, ಎರಡನೆಯದು 3, ಆಮೇಲೆ 2, 1, ಒಟ್ಟು 10 ಪಾಲು. ಸರಳ ಬಡ್ಡಿ 1,402 ರೂ. 50 ಪೈಸೆ. ಬಿಲ್ಲಿನಲ್ಲಿ ಇದಕ್ಕಿಂತ ಜಾಸ್ತಿ ತೋರಿಸಿದ್ದರೆ ಒಂದೋ ಚಕ್ರಬಡ್ಡಿ ಹಾಕಿದ್ದಾರೆ, ಇಲ್ಲವೇ 99,000ಕ್ಕೂ ಬಡ್ಡಿ ಓಡುತ್ತಿದೆ. ಬೈಲಾದಲ್ಲಿ ದರ ಇದೆಯಾ ನೋಡಿ. ಕಮಿಟಿ ಸಭೆಯಲ್ಲಿ ತಾವೇ ಗೊತ್ತುಮಾಡಿಕೊಂಡ ದರವಾದರೆ ಅದನ್ನು ದಂಡ ಅಂತ ಪ್ರಶ್ನಿಸಬಹುದು.

99,000ದ ವಿಷಯದಲ್ಲಿ ನೀವು ಹಿಡಿದಿರುವ ಎಳೆಗಿಂತ ಗಟ್ಟಿಯಾದದ್ದು ಇನ್ನೊಂದಿದೆ. ಕಾಯ್ದೆಯ 10ನೇ ಕಲಂ ಪ್ರಕಾರ ಸಾಮಾನ್ಯ ಖರ್ಚು ಹಂಚಬೇಕಾದ್ದು ಚದರಡಿಗೆ ಅಲ್ಲ, ಡೀಡ್ ಆಫ್ ಡಿಕ್ಲರೇಷನ್‌ನಲ್ಲಿ ನಿಮ್ಮ ಮನೆಗೆ ಬರೆದಿರುವ, ಸಾಮಾನ್ಯ ಜಾಗದ ಮೇಲಿನ ಅವಿಭಜಿತ ಹಕ್ಕಿನ ಶೇಕಡಾವಾರು ಪ್ರಕಾರ. ಆ ಶೇಕಡಾ ನಿಂತಿರುವುದು ಮನೆಯ ಮೌಲ್ಯದ ಮೇಲೆ, ಹಾಗಾಗಿ ಚದರಡಿ ಲೆಕ್ಕಕ್ಕೂ ಅದಕ್ಕೂ ವ್ಯತ್ಯಾಸ ಬರಬಹುದು. ಚದರಡಿಗೆ 60ರಂತೆ 1.65 ಕೋಟಿ ಅಂದರೆ ಒಟ್ಟು 2.75 ಲಕ್ಷ ಚದರಡಿ, ನಿಮ್ಮ ಪಾಲು 0.60%. ಡೀಡ್‌ನಲ್ಲಿ 0.52% ಅಂತ ಇದ್ದರೆ ನೀವು ಕೊಡಬೇಕಾದ್ದು 85,800. 13,200 ರೂ. ಹೆಚ್ಚುವರಿ. ಡೀಡ್‌ನಲ್ಲಿ 0.66% ಇದ್ದರೆ ಮಾತ್ರ ಈ ವಾದ ಎತ್ತಲೇಬೇಡಿ, 1,08,900 ಆಗುತ್ತೆ. ಅದಕ್ಕೇ ಹೇಳುವುದು, ಅನುಬಂಧದ ಪಟ್ಟಿ ಕಣ್ಣಾರೆ ನೋಡದೆ ಬಾಯಿ ಬಿಡಬೇಡಿ.

ಮೂರನೇಮಹಡಿ:

ಎಲ್ಲರಿಗೂ ಧನ್ಯವಾದ. 28,050 ಕಟ್ಟಿ ಮೇಲ್ ಕಳಿಸಿದೆ. ರಸೀದಿಯ ಮೇಲೆ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರ ಸಂಖ್ಯೆ ಇದೆ, ಕ್ರಯಪತ್ರದಲ್ಲಿ ಡೀಡ್ ಆಫ್ ಡಿಕ್ಲರೇಷನ್ ಸಂಖ್ಯೆಯೂ ಇದೆ. ಎರಡೂ ಇದ್ದರೆ ಯಾವುದು ನಡೆಯುತ್ತೆ? ಬೀಗ ಇನ್ನೂ ತೆಗೆದಿಲ್ಲ. ‘ವಿಶೇಷ ವಂತಿಗೆ ಬರಲಿ, ಆಮೇಲೆ ನೋಡೋಣ’ ಅಂತಾರೆ.

ದಾವೆಖಾನೆ:

ಎರಡೂ ಇರುವ ಅಪಾರ್ಟ್‌ಮೆಂಟ್‌ಗಳು ಬೆಂಗಳೂರಿನಲ್ಲಿ ಬೇಕಾದಷ್ಟಿವೆ. ಡೀಡ್ ನೋಂದಣಿಯಾಗಿ, ಕ್ರಯಪತ್ರಗಳೂ ಅದಕ್ಕೆ ಬದ್ಧ ಅಂತ ಹೇಳುತ್ತಿದ್ದರೆ ನಿಮ್ಮ ಹಕ್ಕು-ಹೊಣೆಗೆ 1972ರ ಕಾಯ್ದೆಯನ್ನೇ ಹಿಡಿಯಿರಿ. 1960ರ ನೋಂದಣಿಯಿಂದ ನಿಮಗೆ ಇನ್ನೊಂದು ಬಾಗಿಲು ಸಿಗುತ್ತೆ: ಅದರ 25ನೇ ಕಲಂ ಪ್ರಕಾರ ಸದಸ್ಯರಲ್ಲಿ ಮೂರನೇ ಒಂದು ಭಾಗ ಸಹಿ ಹಾಕಿ ಕೇಳಿದರೆ ಸಂಘಗಳ ನೋಂದಣಾಧಿಕಾರಿ ವಿಚಾರಣೆ ನಡೆಸಲೇಬೇಕು. 180 ಮನೆಗೆ ಒಬ್ಬೊಬ್ಬ ಸದಸ್ಯರಾದರೆ 60 ಸಹಿ. ಲೆಕ್ಕಪತ್ರ, ಸಭೆಯ ನೋಟಿಸ್, ಟೆಂಡರ್ ವಿಷಯಕ್ಕೆ ಅದು ಒಳ್ಳೆಯ ದಾರಿ. ನೀರಿಗಲ್ಲ.

ನೀರಿಗೆ ದಾವೆ. ಎಲ್ಲಿ ತಪ್ಪುತ್ತೆ ಅಂತ ಹೇಳಿಬಿಡುತ್ತೇನೆ. ಕೆಲವರು ‘ಎಜಿಎಂ ನಿರ್ಣಯ ಅಸಿಂಧು ಅಂತ ಘೋಷಿಸಿ’ ಅಂತಷ್ಟೇ ಕೇಳುತ್ತಾರೆ. ಮುಂದಿನ ಪರಿಹಾರ ಕೇಳಲು ಅವಕಾಶವಿದ್ದೂ ಬರೀ ಘೋಷಣೆ ಕೇಳಿದರೆ ನಿರ್ದಿಷ್ಟ ಪರಿಹಾರ ಕಾಯ್ದೆಯ 34ನೇ ಕಲಂ ಅಡ್ಡ ಬರುತ್ತೆ. ಘೋಷಣೆ, ಅದರ ಜೊತೆಗೆ 99,000 ವಸೂಲಿಗೆ ಶಾಶ್ವತ ತಡೆಯಾಜ್ಞೆ, ವಾಲ್ವ್ ತೆರೆಯಲು ಆದೇಶಾತ್ಮಕ ತಡೆಯಾಜ್ಞೆ, ಮೂರನ್ನೂ ಒಂದೇ ದಾವೆಯಲ್ಲಿ ಕೇಳಿ. ದಾವೆಯ ಜೊತೆಗೇ ಸಿಪಿಸಿ (ಸಿವಿಲ್ ಪ್ರಕ್ರಿಯಾ ಸಂಹಿತೆ) ಆದೇಶ 39, ನಿಯಮ 1 ಮತ್ತು 2ರ ಮಧ್ಯಂತರ ಅರ್ಜಿ. ನೀರಿನ ವಿಷಯಕ್ಕೆ ಆದೇಶ 26, ನಿಯಮ 9ರಲ್ಲಿ ಕೋರ್ಟ್ ಕಮಿಷನರ್ ನೇಮಕ ಕೇಳಬಹುದು. ಅವರು ಬಂದು ಡಕ್ಟ್ ತೆರೆಸಿ ಬೀಗ ನೋಡಿ ವರದಿ ಕೊಟ್ಟರೆ ‘ನಾವು ಮುಚ್ಚೇ ಇಲ್ಲ, ಪಂಪ್ ಕೆಟ್ಟಿತ್ತು’ ಅನ್ನುವ ಮಾತಿಗೆ ಜಾಗ ಇರುವುದಿಲ್ಲ.

ಎದುರಿನವರನ್ನು ಕೇಳದೆ ಕೋರ್ಟು ಏಕಪಕ್ಷೀಯ ಆದೇಶ ಕೊಟ್ಟರೆ ಆದೇಶ 39ರ ನಿಯಮ 3 ಮರೆಯಬೇಡಿ. ಆದೇಶದ ದಿನವೇ ಅಥವಾ ಮರುದಿನ ಅರ್ಜಿ, ಅಫಿಡವಿಟ್, ದಾವೆ ಪ್ರತಿ, ದಾಖಲೆ ಎಲ್ಲವನ್ನೂ ಅವರಿಗೆ ತಲುಪಿಸಿ ಅಥವಾ ಕಳಿಸಿ, ಹಾಗೆ ಮಾಡಿದ್ದಕ್ಕೆ ಕೋರ್ಟಿಗೆ ಅಫಿಡವಿಟ್ ಹಾಕಬೇಕು. ಸಿಕ್ಕ ಆದೇಶ ಇದೊಂದು ಲೋಪದಿಂದ ಕೈತಪ್ಪುವುದುಂಟು. ನಿಮಗೆ ಮೊದಲೇ ಕೇವಿಯಟ್ (‘ನಮ್ಮನ್ನು ಕೇಳದೆ ಆದೇಶ ಕೊಡಬೇಡಿ’ ಅಂತ ಎದುರಿನವರು ಕೋರ್ಟಿಗೆ ಹಾಕುವ ಅರ್ಜಿ) ನೋಟಿಸ್ ಬಂದಿದ್ದರೆ ಏಕಪಕ್ಷೀಯ ಆದೇಶದ ಆಸೆ ಬಿಡಿ. ಕೇವಿಯಟ್ 90 ದಿನ ಊರ್ಜಿತದಲ್ಲಿರುತ್ತೆ.

99,000ದಲ್ಲಿ ಒಂದಂಶ ಠೇವಣಿ ಇಡಿ ಅಂತ ಕೋರ್ಟು ಷರತ್ತು ಹಾಕಬಹುದು. ಆ ದುಡ್ಡು ಸಿದ್ಧ ಇಟ್ಟುಕೊಂಡೇ ಹೋಗಿ. ಇಡುತ್ತೇನೆ ಅಂತ ನೀವಾಗೇ ಹೇಳಿದರೆ ಇನ್ನೂ ಒಳ್ಳೆಯದು.

ಗೇಟ್‌ವಾಲ್ವ್:

ವಿಡಿಯೋ ಒಂದೇ ಓಟದಲ್ಲಿ ತೆಗೆಯಿರಿ, ಕತ್ತರಿಸಬೇಡಿ. ಅಡುಗೆಮನೆ ನಲ್ಲಿ ಪೂರ್ತಿ ತಿರುಗಿಸಿ ನೀರು ಬಾರದ್ದು ತೋರಿಸಿ, ಹಾಗೇ ನಡೆದು ಬಂದು ಪಕ್ಕದ ಮನೆಯವರು ಒಪ್ಪಿದರೆ ಅವರ ನಲ್ಲಿಯಲ್ಲಿ ನೀರು ಬರುವುದು, ಆಮೇಲೆ ಡಕ್ಟ್ ಬಾಗಿಲು, ವಾಲ್ವ್‌ನ ಹಿಡಿ, ಸರಪಳಿ, ಬೀಗ, ಪೈಪಿನ ಮೇಲಿನ ನಿಮ್ಮ ಮನೆ ಸಂಖ್ಯೆ.

ಇದನ್ನು ಕೋರ್ಟಿಗೆ ಕೊಡುವಾಗ ಭಾರತೀಯ ಸಾಕ್ಷ್ಯ ಅಧಿನಿಯಮ 2023ರ 63ನೇ ಕಲಂ ಪ್ರಮಾಣಪತ್ರ ಬೇಕು. ಅದರಲ್ಲಿ ಎ, ಬಿ ಅಂತ ಎರಡು ಭಾಗ. ಎ ಭಾಗಕ್ಕೆ ನಿಮ್ಮ ಸಹಿ, ಬಿ ಭಾಗಕ್ಕೆ ತಜ್ಞರದ್ದು, ಫೈಲಿನ ಹ್ಯಾಶ್ ಮೌಲ್ಯವನ್ನೂ (ಫೈಲಿನ ಬೆರಳಚ್ಚಿನಂಥ ಸಂಕೇತ) ನಮೂದಿಸಬೇಕು. ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ ವಿಡಿಯೋ ಕುಗ್ಗಿ ಹ್ಯಾಶ್ ಬದಲಾಗುತ್ತೆ. ಹಾಗಾಗಿ ಫೋನಿನಿಂದ ನೇರ ಕೇಬಲ್‌ನಲ್ಲಿ ಪೆನ್‌ಡ್ರೈವ್‌ಗೆ ಇಳಿಸಿ, ಕೇಸು ಮುಗಿಯುವ ತನಕ ಆ ಫೋನ್ ಮಾರಬೇಡಿ, ರೀಸೆಟ್ ಮಾಡಬೇಡಿ.

ಖಜಾಂಚಿಲೆಕ್ಕ:

ಎನ್‌ಒಸಿ ಬಗ್ಗೆ ಯಾರೂ ಹೇಳಲಿಲ್ಲ. ಕ್ರಯಪತ್ರ ನೋಂದಣಿಗೆ ಅಸೋಸಿಯೇಷನ್ ಅನುಮತಿ ಬೇಕಿಲ್ಲ, ಆದರೆ ಕೊಳ್ಳುವವರ ಬ್ಯಾಂಕು ಬಾಕಿ ಇಲ್ಲವೆಂಬ ಪತ್ರ ಕೇಳುತ್ತೆ, ಸಿಕ್ಕಿಹಾಕಿಕೊಳ್ಳುವುದು ಅಲ್ಲಿ. 1972ರ ಕಾಯ್ದೆಯಲ್ಲಿ ಹಳೆಯ ಬಾಕಿಗೆ ಮಾರುವವರು, ಕೊಳ್ಳುವವರು ಇಬ್ಬರೂ ಹೊಣೆ. ಹಾಗೇ, ಎಷ್ಟು ಬಾಕಿ ಅನ್ನುವ ಲೆಕ್ಕಪಟ್ಟಿ ಕೇಳುವ ಹಕ್ಕು ಕೊಳ್ಳುವವರಿಗಿದೆ, ಅದರಲ್ಲಿ ತೋರಿಸಿದ್ದಕ್ಕಿಂತ ಹೆಚ್ಚಿಗೆ ಅವರು ಬಾಧ್ಯರಲ್ಲ. ಎನ್‌ಒಸಿ ಅಂತ ಕೇಳಬೇಡಿ, ‘ಬಾಕಿ ಲೆಕ್ಕಪಟ್ಟಿ’ ಅಂತ ಕೇಳಿ, ಸ್ಪೀಡ್ ಪೋಸ್ಟ್‌ನಲ್ಲಿ. ವಿವಾದದ ಮೊತ್ತ ಬೇರೆ ಸಾಲಿನಲ್ಲಿ ತೋರಿಸಲಿ. ಅಷ್ಟು ಹಣವನ್ನು ಕೊಳ್ಳುವವರು ಹಿಡಿದಿಟ್ಟುಕೊಳ್ಳುವ ಷರತ್ತು ಕರಾರಿನಲ್ಲಿ ಬರೆಸಿದರೆ ಮಾರಾಟ ನಿಲ್ಲುವುದಿಲ್ಲ.

ದಾವೆಖಾನೆ:

ಲೋಕ ಅದಾಲತ್‌ಗೆ ಕರೆದರೆ ಹೋಗಿ, ಇಂಥ ಕೇಸಿಗೆ ಹೇಳಿ ಮಾಡಿಸಿದ ಜಾಗ. ಅಲ್ಲಿಯ ಅವಾರ್ಡ್ ಕೋರ್ಟ್ ಡಿಕ್ರಿಗೆ ಸಮ, ಅದರ ಮೇಲೆ ಅಪೀಲು ಇಲ್ಲ, ಕಟ್ಟಿದ ಕೋರ್ಟ್ ಶುಲ್ಕವೂ ವಾಪಸ್. ಅಪೀಲು ಇಲ್ಲದ್ದರಿಂದಲೇ ರಾಜಿ ಅರ್ಜಿಯ ಒಂದೊಂದು ಸಾಲೂ ಓದಿ ಸಹಿ ಹಾಕಿ. ವಾಲ್ವ್ ತೆರೆಯುವ ದಿನಾಂಕ ಮತ್ತು ಗಂಟೆ, ವಿಶೇಷ ವಂತಿಗೆಯ ಅಂತಿಮ ಮೊತ್ತ, ಕಂತು, ಬಡ್ಡಿ ಬಿಟ್ಟದ್ದು, ನೋಟಿಸ್ ಬೋರ್ಡಿನಿಂದ ಹೆಸರು ತೆಗೆಯುವುದು, ಕೊನೆಯ ಕಂತು ಬಂದ 7 ದಿನದೊಳಗೆ ಬಾಕಿ ಇಲ್ಲವೆಂಬ ಪತ್ರ ಕೊಡುವುದು, ಇಷ್ಟೂ ಅಲ್ಲಿ ಅಕ್ಷರದಲ್ಲಿ ಇರಬೇಕು. ‘ಉಭಯ ಪಕ್ಷಗಳು ಸೌಹಾರ್ದವಾಗಿ ಬಗೆಹರಿಸಿಕೊಂಡಿವೆ’ ಅಂತ ಒಂದೇ ಸಾಲು ಬರೆದು ತಂದರೆ ಸಹಿ ಹಾಕಬೇಡಿ.