ಆತ್ಮರಕ್ಷಣೆ ಕ್ಲಾಸಿಗೆ ಹಳ್ಳಿ ಹುಡುಗಿಯರೂ ಬರಬೇಕಂದ್ರೆ ಏನು ಮಾಡಬೇಕು?

ಪ್ರಶ್ನೆ: ನಮ್ಮದು ತಾಲೂಕು ಕೇಂದ್ರದ ಸರ್ಕಾರಿ ಪದವಿ ಕಾಲೇಜು. ಸಂಜೆ ನಾಲ್ಕೂವರೆಗೆ ಕರಾಟೆ ಮಾಸ್ಟರನ್ನು ಕರೆಸಿ ಆತ್ಮರಕ್ಷಣೆ ಕ್ಲಾಸ್ ಶುರು ಮಾಡಿದ್ದೇವೆ. ಪೇಟೆಯಲ್ಲೇ ಮನೆ ಇರುವ ಕೆಲವರು ಬಿಟ್ಟರೆ ಯಾರೂ ನಿಲ್ಲುತ್ತಿಲ್ಲ. ಅನುಭವ ಇದ್ದವರು ದಾರಿ ಹೇಳಿ.

ಕಾಲೇಜು ಉಪನ್ಯಾಸಕಿ:
ಮೇಡಂ, ಮೊದಲು ಸಮಯ ಬದಲಿಸಿ. ಶಕ್ತಿ ಯೋಜನೆ ಬಂದಮೇಲೆ, ಅಂದ್ರೆ 2023ರಿಂದ, ಟಿಕೆಟ್ ದುಡ್ಡಿನ ಚಿಂತೆ ಇಲ್ಲ ನಿಜ. ಆದ್ರೆ ಎಷ್ಟೋ ಹಳ್ಳಿಗೆ ಸಂಜೆ ಇರೋದೇ ಒಂದು ಬಸ್ಸು. ಅದು ತಪ್ಪಿದರೆ ಹುಡುಗಿ ಕತ್ತಲಾಗುವವರೆಗೆ ಸ್ಟ್ಯಾಂಡಿನಲ್ಲಿ ನಿಲ್ಲಬೇಕು. ನಾವು ಟೈಮ್‌ಟೇಬಲ್‌ನಲ್ಲೇ ಒಂದು ಪಿರಿಯಡ್ ಹಾಕಿಸಿ ಹಾಜರಿ ತೆಗೆದುಕೊಂಡೆವು. ಸಂಜೆ ಕ್ಲಾಸಿಗೆ ಬೇಡ ಅಂದಿದ್ದ ಅಪ್ಪ-ಅಮ್ಮಂದಿರೇ ಕಾಲೇಜಿನ ಪಿರಿಯಡ್ ಅಂದಮೇಲೆ ಸುಮ್ಮನಾದರು.

ಯೂನಿಫಾರ್ಮು, ಬೆಲ್ಟು, ಗ್ರೇಡಿಂಗ್ ಫೀಸು ಯಾವುದೂ ಬೇಡ. ಚೂಡಿದಾರದಲ್ಲೇ ಕಲಿಯಲಿ. ದಿನಾ ಓಡಾಡೋದು ಅದರಲ್ಲೇ ಅಲ್ವಾ? ಮಾಸ್ಟರ್ ಜೊತೆ ಕಲಿಸೋಕೆ ಒಬ್ಬ ಹೆಂಗಸಂತೂ ಇರಲೇಬೇಕು.

ಜೂಡೋ ಕಲಿಸುವವರು:
ಹೆಣ್ಣುಮಕ್ಕಳ ದಿನಕ್ಕೆ ಒಂದು ಪ್ರದರ್ಶನ, ಒಂದು ಫೋಟೋ, ಅಷ್ಟಕ್ಕೇ ನಿಲ್ಲಿಸಬೇಡಿ. ಮಣಿಕಟ್ಟು ಬಿಡಿಸಿಕೊಳ್ಳೋದನ್ನೇ ನೋಡಿ. ಯಾರಾದರೂ ಹಿಡಿದರೆ ನಾವು ಸುಮ್ನೆ ಹಿಂದಕ್ಕೆ ಜಗ್ಗುತ್ತೇವೆ. ಅವನಿಗೆ ಬಲ ಜಾಸ್ತಿ ಇದ್ದರೆ ಅದು ನಡೆಯಲ್ಲ. ಹಿಡಿತದಲ್ಲಿ ನಾಲ್ಕು ಬೆರಳು ಒಂದು ಕಡೆ, ಹೆಬ್ಬೆರಳು ಒಂದೇ ಇನ್ನೊಂದು ಕಡೆ. ಬೆರಳ ತುದಿಗಳು ಸೇರುವ ಆ ಸಂದಿಗೆ ನಿಮ್ಮ ಮಣಿಕಟ್ಟಿನ ತೆಳು ಬದಿ ತಿರುಗಿಸಿ, ಮೊಣಕೈ ಮಡಚಿ ಒಮ್ಮೆಲೇ ಎಳೆದುಕೊಳ್ಳಿ. ಎಳೆಯುವಾಗಲೇ "ಬಿಡೋ!" ಅಂತ ಕೂಗಬೇಕು. ಕಲಿಸೋಕೆ ಜಾಸ್ತಿ ಕಷ್ಟ ಈ ಕೂಗೇ. ಮೆಲ್ಲಗೆ ಮಾತಾಡು ಅನ್ನಿಸಿಕೊಂಡೇ ಬೆಳೆದವರಿಗೆ ಮೊದಮೊದಲು ಗಂಟಲೇ ಬಿಡಲ್ಲ. ವಾರ ವಾರ ಮಾಡಿಸಿದರೆ ಮಾತ್ರ ಬರುತ್ತೆ.

ಕೆನಡಾದ 3 ವಿಶ್ವವಿದ್ಯಾಲಯಗಳಲ್ಲಿ ಮೊದಲ ವರ್ಷದ ವಿದ್ಯಾರ್ಥಿನಿಯರಿಗೆ 12 ಗಂಟೆ ತರಬೇತಿ ಕೊಟ್ಟು ನೋಡಿದ್ದರು. ಫಲಿತಾಂಶ 2015ರಲ್ಲಿ ಬಂತು. ಮುಂದಿನ ಒಂದು ವರ್ಷದಲ್ಲಿ ಅತ್ಯಾಚಾರಕ್ಕೆ ಒಳಗಾದವರು, ಬರೀ ಕರಪತ್ರ ಸಿಕ್ಕವರಲ್ಲಿ ಶೇ. 9.8, ತರಬೇತಿ ಪಡೆದವರಲ್ಲಿ ಶೇ. 5.2. ಅಲ್ಲಿ ಹೊಡೆತ ಕಲಿಸಿದ್ದು ಒಂದು ಭಾಗ ಅಷ್ಟೇ. ಪರಿಚಯದವರೇ ಬಲವಂತ ಮಾಡುವಾಗ ಅದನ್ನು ಬೇಗ ಗುರುತಿಸಿ ಬೇಡ ಅನ್ನೋದಕ್ಕೆ ತುಂಬಾ ಸಮಯ ಕೊಟ್ಟಿದ್ದರು. ನಿಮ್ಮ ಮಾಸ್ಟರ್‌ಗೂ ಇದನ್ನು ಹೇಳಿ.

ವಕೀಲೆ:
"ಹೊಡೆದರೆ ನನ್ನ ಮೇಲೇ ಕೇಸ್ ಆಗುತ್ತಾ?" ಅಂತ ಹುಡುಗಿಯರು ಕೇಳೇ ಕೇಳುತ್ತಾರೆ. ಭಾರತೀಯ ನ್ಯಾಯ ಸಂಹಿತೆಯ 34ನೇ ಸೆಕ್ಷನ್ ಪ್ರಕಾರ ಆತ್ಮರಕ್ಷಣೆಗೆ ಮಾಡಿದ್ದು ಅಪರಾಧ ಅಲ್ಲ. ತಪ್ಪಿಸಿಕೊಳ್ಳೋಕೆ ಬೇಕಾದಷ್ಟಕ್ಕಿಂತ ಹೆಚ್ಚು ಏಟು ಕೊಡಬಾರದು ಅನ್ನೋದನ್ನೂ ಸೇರಿಸಿ ಹೇಳಿ. 112ಕ್ಕೆ ಕರೆ ಮಾಡೋದನ್ನೂ ಕ್ಲಾಸಿನಲ್ಲೇ ತಿಳಿಸಿ.

ಹಳೇ ವಿದ್ಯಾರ್ಥಿನಿ:
ಮೇಡಂ, ನನಗೆ ಒಂದು ಕಾಲು ಪೋಲಿಯೋ. ಮೊದಲು ಬಂದ ಮಾಸ್ಟರ್ "ನೀನು ಕೂತು ನೋಡಮ್ಮ" ಅಂದರು. ಆಮೇಲೆ ಬಂದ ಮೇಡಂ ಕುರ್ಚಿಯಲ್ಲಿ ಕೂತೇ ಮೊಣಕೈ ಏಟು ಕೊಡೋದು, ಗೋಡೆಗೆ ಒರಗಿ ತಳ್ಳೋದು ಕಲಿಸಿದರು. ನನ್ನಂಥವರು ಇದ್ದರೆ ದಯವಿಟ್ಟು ಬಿಡಬೇಡಿ. ಕೂತು ಮಾಡೋದನ್ನು ಎಲ್ಲರಿಗೂ ಕಲಿಸಿ. ಬಸ್ಸಲ್ಲಿ ಪಕ್ಕದ ಸೀಟಿನವನು ಮೈಮೇಲೆ ಬಿದ್ದರೆ ಯಾರಿಗಾದರೂ ಅದೇ ಬೇಕಾಗೋದು.