ಗೂಡ್ಸ್ ಡಬ್ಬಿಯ ‘ವೆದರಿಂಗ್’: ಯಾವ ಹಂತಕ್ಕೆ ಯಾವ ಪದ?

ನಮಸ್ಕಾರ. ತುಮಕೂರಿನಲ್ಲಿ ಮಾದರಿ ರೈಲು ಕಟ್ಟುವ ಮಕ್ಕಳಿಗಾಗಿ ಕೈಪಿಡಿಯೊಂದನ್ನು ಬರೆಯುತ್ತಿದ್ದೇನೆ. ಹೊಸ ಡಬ್ಬಿಗೆ ಬಿಸಿಲು, ಮಳೆ, ದೂಳು ಕಂಡ ಮೈಬಣ್ಣ ತರಿಸುವ ‘ವೆದರಿಂಗ್’ಗೆ ಪದ ಬೇಕಾಗಿದೆ. ಭೂಗೋಳ ಪಠ್ಯದ ‘ಶಿಥಿಲೀಕರಣ’ ಸಲ್ಲದು. ಅದು ಬಂಡೆ ಪುಡಿಯಾಗುವ ಮಾತು. ಒಟ್ಟು ಕೆಲಸಕ್ಕೆ ‘ಮಾಸಿಸುವುದು’ ಎಂದಿಟ್ಟಿದ್ದೇನೆ. ಒಳಗಿನ ಹಂತಗಳಿಗೆ ಬೇರೆ ಬೇರೆ ಹೆಸರು ಬೇಕೇ ಬೇಕು, ಏಕೆಂದರೆ ಹಂತ ಹಿಂದುಮುಂದಾದರೆ ಕೆಲಸ ಕೆಡುತ್ತದೆ.

ಮೊದಲನೆಯದು ‘ಮಾಸಲು’. ಡಬ್ಬಿಯ ಬಣ್ಣಕ್ಕೇ ಸ್ವಲ್ಪ ಬಿಳಿ ಬೆರೆಸಿ, ಒಂದು ಪಾಲಿಗೆ ಒಂಬತ್ತು ಪಾಲು ತಿನ್ನರ್ ಹಾಕಿ, ಅಕ್ಷರಗಳ ಮೇಲೂ ಏರ್‌ಬ್ರಷ್‌ನಲ್ಲಿ (ಗಾಳಿಯ ಒತ್ತಡದಲ್ಲಿ ಬಣ್ಣ ಸಿಂಪಡಿಸುವ ಉಪಕರಣ) ತೆಳ್ಳಗೆ ಹಾಯಿಸಬೇಕು. ಮೈ ಮಾಸಿ ಅಕ್ಷರ ಮಾತ್ರ ಹೊಳೆದರೆ ಸುಳ್ಳು ಎದ್ದು ಕಾಣುತ್ತದೆ.

ರಿವೆಟ್, ಬಾಗಿಲ ಸಂದುಗಳಲ್ಲಿ ನಿಲ್ಲುವ ತೀರ ತೆಳ್ಳನೆಯ ಬಣ್ಣವಾದ ‘ವಾಶ್’ಗೆ ‘ಸಂದುಬಣ್ಣ’ ಆದೀತೇ? ಒಂದು ಪಾಲು ಬರ್ನ್ಟ್ ಅಂಬರ್ (ಕಡುಕಂದು) ಎಣ್ಣೆಬಣ್ಣಕ್ಕೆ ಸುಮಾರು ಹತ್ತು ಪಾಲು ವೈಟ್ ಸ್ಪಿರಿಟ್ (ಎಣ್ಣೆಬಣ್ಣ ತೆಳುಮಾಡುವ ದ್ರವ). ಕೆಳಗೆ ಚೆನ್ನಾಗಿ ಒಣಗಿದ ಅಕ್ರಿಲಿಕ್ ವಾರ್ನಿಷ್ ಇರಲೇಬೇಕು. ಎನಾಮಲ್ ಬಣ್ಣದ ಮೇಲೆ ನೇರವಾಗಿ ಬಳಿದರೆ ಸ್ಪಿರಿಟ್ ಮೂಲಬಣ್ಣವನ್ನೇ ಕರಗಿಸಿ ಎಬ್ಬಿಸುತ್ತದೆ. ಸಪಾಟು ಜಾಗದಲ್ಲಿ ನಿಂತರೆ ಒಣಗುವಾಗ ಉಂಗುರ ಕಟ್ಟುತ್ತದೆ. ಸ್ಪಿರಿಟ್‌ನಲ್ಲಿ ತುಸು ಒದ್ದೆ ಮಾಡಿದ ಕುಂಚದಿಂದ ಮೇಲಿಂದ ಕೆಳಕ್ಕೆ ಎಳೆದು ತೆಗೆಯಬೇಕು.

ಬಣ್ಣ ಎದ್ದ ಜಾಗಕ್ಕೆ ‘ಚಕ್ಕೆ’ ಎನ್ನುವುದೋ ‘ಹಕ್ಕಳೆ’ ಎನ್ನುವುದೋ? ನನ್ನ ಒಲವು ‘ಹಕ್ಕಳೆ’ಯ ಕಡೆಗೆ, ಸುಣ್ಣದ ಗೋಡೆಗೂ ಅದೇ ಮಾತು. ಹೆಚ್‌ಓ ಎಂಬ ಮಾದರಿ ರೈಲಿನ ಅಳತೆ 1:87, ಅಂದರೆ ನಿಜದ 87 ಮಿಲಿಮೀಟರ್ ಮಾದರಿಯಲ್ಲಿ ಒಂದು. ಅರ್ಧ ಮಿಲಿಮೀಟರಿನ ಹಕ್ಕಳೆ ನಿಜದ ಡಬ್ಬಿಯಲ್ಲಿ ನಾಲ್ಕು ಸೆಂಟಿಮೀಟರಿಗೂ ಹೆಚ್ಚು. ಹಾಗಾಗಿ ಸ್ಪಂಜಿನ ಚೂರಿಗೆ ಬಣ್ಣ ತಾಗಿಸಿ, ಕಾಗದಕ್ಕೆ ಒತ್ತಿ ಬಹುಪಾಲು ತೆಗೆದ ಮೇಲೆಯೇ ಡಬ್ಬಿಗೆ ಮುಟ್ಟಿಸಬೇಕು. ಬಣ್ಣ ಹಳೆಯ ‘ತುಕ್ಕಿ’ನ ಕಡುಕಂದು. ಕೆಲವರು ಇಲ್ಲಿ ‘ಕಿಲುಬು’ ಬರೆಯುತ್ತಾರೆ; ನಮ್ಮ ಕಡೆ ಕಿಲುಬು ಹಿಡಿಯುವುದು ತಾಮ್ರ, ಹಿತ್ತಾಳೆಗೆ. ಕಬ್ಬಿಣಕ್ಕೆ ತುಕ್ಕೇ ಸರಿ.

‘ದೂಳು’ ಕೊನೆಗೆ: ಪ್ಯಾಸ್ಟಲ್ ಪುಡಿ ಮ್ಯಾಟ್ (ಹೊಳಪಿಲ್ಲದ) ವಾರ್ನಿಷ್ ಮೇಲಷ್ಟೇ ನಿಲ್ಲುತ್ತದೆ, ಹೊಳಪಿನ ಮೇಲೆ ಜಾರುತ್ತದೆ. ಮೇಲೆ ಮತ್ತೆ ವಾರ್ನಿಷ್ ಹೊಡೆದರೆ ಪುಡಿ ಮಂಕಾಗುವುದರಿಂದ ಮೊದಲೇ ಒಂದಿಷ್ಟು ಹೆಚ್ಚು ಹಾಕಬೇಕು. ಚಕ್ರದ ಹಳಿ ತಾಗುವ ಭಾಗಕ್ಕೆ ಪುಡಿಯೂ ಬೇಡ, ಬಣ್ಣವೂ ಬೇಡ.

ಉಳಿದದ್ದು ಒಂದು ಪದ. ರಿವೆಟ್ಟಿನಿಂದ ಮಳೆನೀರಿನ ಜೊತೆ ಕೆಳಕ್ಕಿಳಿದ ತುಕ್ಕಿನ ಗೆರೆಗೆ ‘ಇಳಿಗರೆ’ ಎಂದು ಕಟ್ಟಿದ್ದೇನೆ: ಇಳಿ, ಕರೆ (ಕಲೆ). ಕೋಲಾರ, ಚಿಕ್ಕಬಳ್ಳಾಪುರದ ಕಡೆ ಗೋಡೆಯ ಮೇಲೆ ಹೀಗೆ ಸೋರಿದ ಕರೆಗೆ ಬಳಕೆಯ ಮಾತೇ ಇದ್ದರೆ ದಯವಿಟ್ಟು ತಿಳಿಸಿ, ಅದನ್ನೇ ಹಾಕುತ್ತೇನೆ.